ರೊಟ್ಟಿ ಬಡಿಯದ ದೀಪಾವಳಿ

ಆ ವರ್ಷ ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಶಹಾಪುರದ ಬಜಾರದಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಮಾಡಿಕೊಂಡು ಬಾಳಿದವರಿಗೆಲ್ಲ ಗೊತ್ತು, ರೊಟ್ಟಿಯ ಸಪ್ಪಳ ಮುಚ್ಚಿಡುವಂಥದ್ದಲ್ಲ. ಒಂದೇ ಗೋಡೆಯ ಆಚೆ ಒಂದು ಒಲೆ, ಈಚೆ ಒಂದು ಒಲೆ. ಆಚೆ ಮನೆಯ ಮುದುಕಿ ಗೋಡೆಗೆ ಬೆನ್ನು ಹಚ್ಚಿ ಕೂತು ನಮ್ಮ ರೊಟ್ಟಿ ಎಣಿಸುತ್ತಿದ್ದಳು. ಮರುದಿನ ಬಾವಿಕಟ್ಟೆಯಲ್ಲಿ ಅವ್ವನನ್ನು ಹಿಡಿದು ‘ನಿನ್ನಿ ನಾಕ್ ರೊಟ್ಟಿ ಹೆಚ್ಚಿಗಿ ಬಡದಿ, ಯಾರ್ ಬಂದಿದ್ರವಾ?’ ಎಂದು ಕೇಳುವಳು. ಮಹರಾಯಗಿತ್ತಿಯ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. ಅದಕ್ಕೇ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದು ಮುಂಜಾನೆ ರೊಟ್ಟಿಯ ಹಂಚನ್ನು ಒಲೆಯಿಂದ ಇಳಿಸಿ ಗೋಡೆಗೆ ಆನಿಸಿಟ್ಟು ಅವ್ವನಿಗೆ ಹೇಳಿದಳು.

‘ಇವತ್ತಿಂದ ಸಂಗಟಿ ಮಾಡು. ಸಂಗಟಿಗಿ ಬಾಯಿ ಇಲ್ಲ.’

ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಉಂಡೆ ಕಟ್ಟಿದರೆ ಸಂಗಟಿ ಆಯಿತು, ಯಾರ ಕಿವಿಗೂ ಬೀಳುವುದಿಲ್ಲ. ಎರಡು ಹೊತ್ತೂ ಅದೇ. ನನಗೆ ಸಂಗಟಿ ಕಂಡರೆ ಆಗುತ್ತಿರಲಿಲ್ಲ, ಇವತ್ತಿಗೂ ಆಗುವುದಿಲ್ಲ. ಆದರೆ ಆಗ ಬಾಯಿ ತೆರೆಯುವ ಹಾಗಿರಲಿಲ್ಲ, ಯಾಕೆಂದರೆ ಅಡುಗೆಮನೆಗೆ ಹತ್ತಿದ ಉಳ್ಳಾಗಡ್ಡಿ ಕೋಣೆಯಲ್ಲಿ, ಈರುಳ್ಳಿ ರಾಶಿಯ ಮಧ್ಯೆ, ಇಬ್ಬರು ಕೂತಿದ್ದರು.

ಒಬ್ಬ ಲಾಲಸಾಬ, ನಮ್ಮ ಬಟ್ಟೆ ಅಂಗಡಿಯ ಪಕ್ಕದ ಬಳೆ ಅಂಗಡಿಯವನು. ಇನ್ನೊಬ್ಬಳು ಅವನ ಹೆಂಡತಿ ಖಾಸಿಂಬಿ. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಮಕ್ಕಳಿಲ್ಲದ ಆಕೆ ನಾನು ತೊಟ್ಟಿಲಲ್ಲಿ ಇದ್ದಾಗಿನಿಂದ ನನ್ನ ಕೈಗೆ ಬಳೆ ಇಟ್ಟವಳು. ನಿಜಾಮನ ಕಡೆಯ ರಜಾಕಾರರ ಗದ್ದಲ ಆಗಷ್ಟೇ ಮುಗಿದಿತ್ತು. ಹಿಂದೂಸ್ತಾನದ ಮಿಲಿಟರಿ ಬಂದು, ನಿಜಾಮನ ಬಾವುಟ ಇಳಿದು, ಚಾವಡಿಯ ಮೇಲೆ ಹೊಸ ಬಾವುಟ ಏರಿತ್ತು. ಮಂದಿ ಪೇಡೆ ಹಂಚಿದರು. ಪೇಡೆಯ ಸಿಹಿ ಆರುವ ಮೊದಲೇ ಸೇಡು ಸುರುವಾಯಿತು. ಬಜಾರದ ಹಿರಿಯ ಪಂಚ, ಕಾಳಿನ ವ್ಯಾಪಾರಿ ಸಿದ್ರಾಮಪ್ಪನ ಒಬ್ಬನೇ ತಮ್ಮನನ್ನು ಗದ್ದಲದ ದಿನಗಳಲ್ಲಿ ಸುರಪುರದ ದಾರಿಯಲ್ಲಿ ಜೋಳದ ಬಂಡಿಯ ಸಮೇತ ಸುಟ್ಟಿದ್ದರು. ಅವನು ಆ ದಿನ ಆ ದಾರಿಯಲ್ಲಿ ಹೋಗುತ್ತಾನೆಂದು ರಜಾಕಾರರಿಗೆ ಹೇಳಿದವನು ಲಾಲಸಾಬ ಎಂದು ಈಗ ಯಾರೋ ಸುದ್ದಿ ಎಬ್ಬಿಸಿದರು. ಯಾರು ಎಬ್ಬಿಸಿದರೆಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಸಿಕ್ಕರೆ ಕೊಲ್ಲುತ್ತಿದ್ದರು, ಇದರಲ್ಲಿ ಸುತ್ತಿಬಳಸಿ ಹೇಳುವುದೇನೂ ಇಲ್ಲ. ಆಯಿ ಇಬ್ಬರನ್ನೂ ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡಳು. ಅಪ್ಪನನ್ನು ಕೇಳಲಿಲ್ಲ.

ಅಪ್ಪ ಹೆದರುಪುಕ್ಕ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಈಗ ನನಗೆ ಅವನ ಅಂದಿನ ವಯಸ್ಸಿನ ಮೊಮ್ಮಕ್ಕಳಿದ್ದಾರೆ, ಈಗ ಹಾಗೆ ಅನ್ನಲಾರೆ. ಹೆಂಡತಿ, ಮಗಳು, ಮುದುಕಿ ತಾಯಿ ಇರುವ ಮನೆಗೆ ಬೆಂಕಿ ಬಿದ್ದೀತೆಂಬ ಭಯ ಯಾರಿಗಿಲ್ಲ? ನಮ್ಮ ಮನೆಯಲ್ಲಿ ಜಗಳವೆಂದರೆ ಬಜಾರಕ್ಕೆಲ್ಲ ಕೇಳುವ ಜಗಳ. ಆ ಹದಿನೈದು ದಿನ ಮಾತ್ರ ತಾಯಿ ಮಗ ಪಿಸುದನಿಯಲ್ಲಿ ಜಗಳಾಡಿದರು. ಕೂಗಾಡುವವರು ಪಿಸುಗುಟ್ಟಿದರೆ ಎಷ್ಟು ಭಯವಾಗುತ್ತದೆಂದು ನನಗೆ ಆಗ ಗೊತ್ತಾಯಿತು.

‘ಯವ್ವಾ, ಹಬ್ಬದಾಗ ಪಂಚರು ಮನೀಗಿ ಬರತಾರ. ಅವರನ್ನ ಗುರುಮಠಕಲ್ ಕಡಿ ಸಾಗಸ್ತೀನಿ.’

‘ಹೊಳಿ ದಂಡಿಗಿ ಹುಡುಗರು ಬಡಿಗಿ ಹಿಡಕೊಂಡು ಕುಂತಾರ. ಸಾಗಸ್ತೀಯೋ, ಕೊಲ್ಲಸ್ತೀಯೋ?’

‘ಖರೇನ ಅಂವಾ ಹೇಳಿದ್ದ ಅಂದ್ರ?’

‘ಗದ್ದಲದಾಗ ನಾವು ಸೊಲ್ಲಾಪುರದ ಕಡಿ ಓಡಿ ಹೋದಾಗ ನಾಕ್ ತಿಂಗಳು ನಿನ್ನ ಅಂಗಡಿ ಕಟ್ಟಿಮ್ಯಾಗ ಮಲಗಿದಂವ ಯಾರು? ಒಂದು ಚೂರು ಅರಿವಿ ಹೋಗಿತ್ತೇನು? ಉಪ್ಪು ತಿಂದ ಬಾಯಿಲೆ ಮಾತಾಡು.’

ಲಾಲಸಾಬ ಇದನ್ನೆಲ್ಲ ಒಳಗಿನಿಂದ ಕೇಳುತ್ತಿದ್ದ. ನಾನು ಸಂಗಟಿಯ ತಾಟು ಒಯ್ದರೆ ಎರಡೂ ಕೈ ಚಾಚಿ ಇಸಿದುಕೊಳ್ಳುತ್ತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ.

ನಮ್ಮ ಅಂಗಡಿಯ ಕಟ್ಟೆ ಆ ಕಾಲದಲ್ಲಿ ಊರಿನ ಅಖಬಾರ. ಸಂಜೆಯಾದರೆ ವ್ಯಾಪಾರಸ್ಥರು ಬಂದು ಕೂತು ಸುದ್ದಿ ಹಂಚುವರು. ಯಾದಗಿರಿ ಸ್ಟೇಷನ್ನಿಗೆ ಬಟ್ಟೆಯ ಗಂಟು ಬಂದಿವೆ, ಆದರೆ ಭೀಮೆ ದಾಟಿಸಲು ಬಂಡಿಯವರು ಒಲ್ಲೆನ್ನುತ್ತಾರೆ. ಸುರಪುರದ ಸಂತೆ ಮತ್ತೆ ಕೂಡಿದೆ. ಈ ಸಲ ದೀಪಾವಳಿಯೂ ಮೊಹರಮ್ಮಿನ ಅಲಾಯಿ ಹಬ್ಬವೂ ಬೆನ್ನಿಗೆ ಬೆನ್ನು ಹಚ್ಚಿ ಬಂದಿವೆ. ಹಿಂದೂಗಳು ಮುಸಲ್ಮಾನರು ಕೂಡಿಯೇ ಮಾಡುವ ಅಲಾಯಿಯ ಬೆಂಕಿ ಕುಣಿ ಈ ವರ್ಷ ತೋಡಬೇಕೋ ಬೇಡವೋ? ಆ ಮಾತು ಬಂದರೆ ಎಲ್ಲರೂ ಎಲೆಗೆ ಸುಣ್ಣ ಹಚ್ಚುವರು. ಅಷ್ಟರಲ್ಲಿ ಡಂಗುರದವನು ಬಂದು ಸಾರಿದ, ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಬಜಾರದ ಎಲ್ಲ ಅಂಗಡಿಗಳ ಮುಂದೆ ಹೊಸ ಬಾವುಟ ಕಟ್ಟಬೇಕು, ಪಂಚರು ಅಂಗಡಿ ಅಂಗಡಿಗೆ ಬಂದು ಎಲೆಅಡಿಕೆ ತೆಗೆದುಕೊಳ್ಳುತ್ತಾರೆ, ಬೀಗ ಬಿದ್ದ ಅಂಗಡಿಗಳ ವಿಚಾರ ಹಬ್ಬದ ಮೇಲೆ ಆಗುತ್ತದೆ. ಬೀಗ ಬಿದ್ದ ಅಂಗಡಿಗಳೆಂದರೆ ಅತ್ತರಿನದು, ಕಲಾಯಿಯದು, ಬಳೆಯದು. ಹೀಗಾಗಿ ಊರಲ್ಲಿ ಪಾತ್ರೆಗೆ ಕಲಾಯಿ ಇಲ್ಲ, ಹೆಂಗಸರ ಕೈಗೆ ಹೊಸ ಬಳೆ ಇಲ್ಲ. ಗಂಡಸರು ಬಾವುಟದ ಮಾತಾಡಿದರು, ಹೆಂಗಸರು ಬಾವಿಕಟ್ಟೆಯಲ್ಲಿ ಬಳೆಯ ಮಾತಾಡಿದರು. ಎಲ್ಲರಿಗಿಂತ ಹೆಚ್ಚು ಒದ್ದಾಡಿದವರು ಸಿದ್ರಾಮಪ್ಪನ ಮನೆಯವರು. ಚೊಚ್ಚಲ ಬಸುರಿ ಮಗಳು ಗೌರಿ ತವರಿಗೆ ಬಂದಿದ್ದಳು. ಕುಬಸ, ಅಂದರೆ ಸೀಮಂತ, ಮಾಡಬೇಕು, ಕುಬಸಕ್ಕೆ ಹಸಿರು ಬಳೆ ಬೇಕು, ಬಳೆ ಇಡುವವಳು ನಮ್ಮ ಉಳ್ಳಾಗಡ್ಡಿಯ ಮಧ್ಯೆ ಕೂತಿದ್ದಾಳೆ.

ನೀರು ತುಂಬುವ ಹಬ್ಬದ ದಿನ ಆಯಿ ಹಿತ್ತಲಲ್ಲಿ ಹಂಡೆ ಬೆಳಗುತ್ತಿದ್ದಳು. ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ, ಅವ್ವ ಒಳಗೆ ಬಂದಳು. ಖಾಸಿಂಬಿ ಚಿಗವ್ವ ಬಾಗಿಲ ಸಂದಿಯಿಂದ ಅವ್ವನ ಕೈ ನೋಡಿದಳು. ಓಡಿ ಬರುವಾಗ ಆಕೆ ತಂದದ್ದು ಒಂದು ಗಂಟು, ಅದರಲ್ಲಿ ಉಡುವ ಬಟ್ಟೆ ಇರಲಿಲ್ಲ. ದಾರಕ್ಕೆ ಪೋಣಿಸಿದ ಬಳೆಗಳ ಮಲಾರ ಇತ್ತು. ಹೆದರಿ ಓಡುವ ಹೆಂಗಸು ಸೀರೆ ಬಿಟ್ಟು ಗಾಜಿನ ಬಳೆ ತರುತ್ತಾಳೇನು? ಚಿಗವ್ವ ತಂದಿದ್ದಳು.

‘ಮುತ್ತೈದಿ ಹಳೀ ಬಳಿಯಾಗ ಹಬ್ಬ ಮಾಡಬಾರದು ಅಕ್ಕಾ. ತಾ ಇಲ್ಲಿ ಕೈ. ಹದಿನೈದು ದಿನ ಆತು, ನನ್ನ ಕೈ ಜಡ್ಡಾಗ್ಯಾವ.’

ಅವ್ವ ಕೂತಳು. ಚಿಗವ್ವ ಅವ್ವನ ಅಂಗೈ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ ಒತ್ತಿ ಮೆತ್ತಗೆ ಮಾಡಿ, ಒಂದೊಂದೇ ಬಳೆ ಏರಿಸಿದಳು. ಆಮೇಲೆ ನನಗೆ. ಹಸಿರು ಬಳೆಗಳೆಲ್ಲ ಆದ ಮೇಲೆ ಎಡಗೈಗೆ ದೃಷ್ಟಿಗೆಂದು ಒಂದು ಕರಿ ಬಳೆ. ಅದು ಆಕೆಯ ರೂಢಿ, ಬೇರೆ ಬಳೆಗಾರರು ಹಾಕುತ್ತಿರಲಿಲ್ಲ. ಅವ್ವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡೆ. ನಾನಂತೂ ಕೈ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ರೊಟ್ಟಿಯ ಸಪ್ಪಳಕ್ಕೆ ಹೆದರಿ ಸಂಗಟಿ ತಿಂದ ಮನೆಯವರು ನಾವು, ಬಳೆಯ ವಿಚಾರ ಒಬ್ಬರಿಗೂ ಹೊಳೆಯಲಿಲ್ಲ. ಆಯಿಗಾದರೂ ಹೊಳೆಯಬೇಕಿತ್ತು. ಆದರೆ ಆಕೆ ಗಂಡ ಸತ್ತು ಇಪ್ಪತ್ತು ವರ್ಷ ಬೋಳು ಕೈಯಲ್ಲಿ ಬದುಕಿದವಳು, ಯಾರ ಕೈಯ ಬಳೆಯನ್ನೂ ನೋಡುವುದನ್ನು ಬಿಟ್ಟಿದ್ದಳು. ಹಬ್ಬಕ್ಕೆ ಹೊಸ ಬಳೆ ಎನ್ನುವುದು ಹಬ್ಬಕ್ಕೆ ಎಣ್ಣೆನೀರು ಎಂದಷ್ಟೇ ಸಹಜ, ಅದಕ್ಕೇ ಯಾರೂ ತಡೆಯಲಿಲ್ಲ.

ಅಮಾವಾಸ್ಯೆಯ ಸಂಜೆ ಅಂಗಡಿಯ ಗಾದಿಯ ಮೇಲೆ ಲಕ್ಷ್ಮಿಯನ್ನು ಕೂರಿಸಿದೆವು. ಆರತಿ ಎತ್ತುವುದು ಮನೆಯ ಮಗಳ ಕೆಲಸ. ಪಂಚರು ಬಂದರು, ಮುಂದೆ ಸಿದ್ರಾಮಪ್ಪ. ಮೊದಲು ಜೋರಾಗಿ ನಗುತ್ತಿದ್ದ ಆಸಾಮಿ ತಮ್ಮ ಸತ್ತ ಮೇಲೆ ಒಣಗಿಹೋಗಿದ್ದ. ಅಪ್ಪ ಎಲೆಅಡಿಕೆಯ ತಟ್ಟೆ ಹಿಡಿದು ನಿಂತಿದ್ದ. ನಾನು ಆರತಿ ಎತ್ತಿದೆ. ಎತ್ತಿ ಬೆಳಗಿದ ಕೂಡಲೇ ಬಳೆಗಳು ಘಲ್ಲೆಂದವು. ಇಡೀ ಬಜಾರದಲ್ಲಿ ಆ ಹಬ್ಬಕ್ಕೆ ಹೊಸ ಬಳೆಯ ಸಪ್ಪಳ ಅದೊಂದೇ. ಸಿದ್ರಾಮಪ್ಪ ಆರತಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಮುಂಗೈ ನೋಡಿದ. ಎಡಗೈಯ ಕರಿ ಬಳೆ ನೋಡಿದ.

‘ಛಲೋ ಅವ ಬಳಿ. ಯಾರಿಟ್ರವಾ?’

ಊರಿಗೆಲ್ಲ ಬಾಯಿಬಡಕಿ ನಾನು. ಆ ಹೊತ್ತು ಬಾಯಿಗೆ ಬಂದದ್ದು ಒಂದು ಹುಚ್ಚು ಸುಳ್ಳು.

‘ಹಳೀವ್ರಿ ಕಾಕಾ’ ಎಂದೆ.

ಹೊಚ್ಚ ಹೊಸ ಗಾಜು ದೀಪದ ಎದುರು ಹೊಳೆಯುತ್ತಿತ್ತು. ಸಿದ್ರಾಮಪ್ಪ ಅಪ್ಪನ ಕಡೆ ತಿರುಗಿದ. ದನಿ ಏರಿಸಲಿಲ್ಲ.

‘ನಮ್ಮ ಗೌರಿ ಕುಬಸಕ್ಕ ಬಳಿ ಹುಡುಕಿ ಯಾದಗಿರಿತನಕ ಆಳ ಕಳಿಸಿದ್ನಿ. ಬರಿಗೈಲೆ ಬಂದ. ನಿಮ್ಮ ಮನ್ಯಾಗ ಸಿಕ್ಕಾವ, ಲಕ್ಷ್ಮಿ ಬಂದಾಳ. ಹಬ್ಬದಾಗ ಯಾರ ಮನಿ ಹೊಸ್ತಲಾನೂ ತುಳಿಯಂಗಿಲ್ಲ ನಾ. ನಾಳಿ ಪಾಡ್ಯೆ ಆಗಲಿ. ನಾಡದ ಮುಂಜಾನಿ ಬರತೀವ್ರಿ, ಮನಿ ನೋಡಾಕ.’

ಎಲೆಅಡಿಕೆ ಮುಟ್ಟದೆ ಇಳಿದು ಹೋದ. ಅಪ್ಪ ತಟ್ಟೆ ಹಿಡಿದುಕೊಂಡೇ ನಿಂತಿದ್ದ.

ಒಳಗೆ ಅವ್ವ ನನ್ನ ಬೆನ್ನಿಗೆ ಎರಡು ಬಿಟ್ಟಳು. ಮರುಗಳಿಗೆ ತನ್ನ ಕೈಯನ್ನೇ ಗೋಡೆಗೆ ಅಪ್ಪಳಿಸಿ ಬಳೆ ಒಡೆಯಲು ಹೋದಳು. ಗಂಡ ಇರುವವಳು ಬಳೆ ಒಡೆದುಕೊಳ್ಳುತ್ತಾಳೇನು ಎಂದು ಆಯಿ ಕೈ ಹಿಡಿದಳು. ಆಯಿ ನನಗೆ ಬೈಯಲಿಲ್ಲ. ‘ನನ್ನ ಕಣ್ಣು ಸತ್ತಿದ್ವು’ ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನಾನು ಉಳ್ಳಾಗಡ್ಡಿ ಕೋಣೆಯ ಬಾಗಿಲ ಹೊರಗೆ ಕೂತು ಅತ್ತೆ. ಇಬ್ಬರು ಸಾಯುತ್ತಾರೆ, ನನ್ನ ಕೈಯಿಂದ ಸಾಯುತ್ತಾರೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಒಳಗಿನಿಂದ ಲಾಲಸಾಬ ಮೊದಲ ಸಲ ಮಾತಾಡಿದ.

‘ಅಳಬ್ಯಾಡ ಬೇಟಿ. ಬಳಿ ಇರೂದ ಸಪ್ಪಳಕ್ಕ.’

ಪಾಡ್ಯದ ದಿನ ಅಂಗಡಿ ತೆರೆದಿತ್ತು, ಯಾರೂ ಹತ್ತಿರ ಬರಲಿಲ್ಲ. ಕಟ್ಟೆ ಖಾಲಿ. ಎದುರಿನ ಮರದ ಕೆಳಗೆ ನಾಲ್ಕು ಹುಡುಗರು ಬಡಿಗೆ ಹಿಡಿದು ಕೂತು ನಮ್ಮ ಬಾಗಿಲನ್ನೇ ನೋಡುತ್ತಿದ್ದರು, ಹಿತ್ತಲ ಕಡೆಗೂ ಇಬ್ಬರು. ಮಧ್ಯಾಹ್ನದ ಹೊತ್ತಿಗೆ ಬಜಾರದಲ್ಲಿ ಒಮ್ಮೆಲೇ ಮಾತು ನಿಂತಿತು. ಸಿದ್ರಾಮಪ್ಪನ ತಮ್ಮನ ಹೆಂಡತಿ ನೀಲವ್ವ ನಡುರಸ್ತೆಯಲ್ಲಿ ನಡೆದು ಬರುತ್ತಿದ್ದಳು. ಗಂಡ ಸತ್ತು ವರ್ಷ ತುಂಬದ ಹೆಂಗಸು ಹಬ್ಬದ ದಿನ ಹೊರಗೆ ಬರುವುದೇ ಇಲ್ಲ, ಬಂದರೂ ಇನ್ನೊಬ್ಬರ ಅಂಗಡಿಯ ಮೆಟ್ಟಿಲು ಹತ್ತುವುದಂತೂ ಇಲ್ಲ. ಆಕೆ ಹತ್ತಿದಳು. ಅಪ್ಪ ಎದ್ದು ನಿಂತ. ಆಕೆ ಅವನನ್ನು ದಾಟಿ ಒಳಗೆ ಬಂದು ಆಯಿಯ ಮುಂದೆ ನಿಂತಳು.

‘ಖಾಸಿಂಬಿ ಎಲ್ಲ್ಯಾಳ್ರಿ ಅತ್ತಿ?’

‘ಇಲ್ಲವಾ, ಇಲ್ಲಿ ಯಾರೂ...’

‘ಅತ್ತಿ, ಸುಳ್ಳು ನಿಮಗ ಒಪ್ಪಂಗಿಲ್ಲ.’

ಆಯಿ ಆಕೆಯ ಮುಖದಲ್ಲಿ ಏನು ಕಂಡಳೋ, ಉಳ್ಳಾಗಡ್ಡಿ ಕೋಣೆಯ ಬಾಗಿಲು ಸರಿಸಿದಳು. ಲಾಲಸಾಬ ಮೂಲೆಗೆ ಸರಿದ. ಖಾಸಿಂಬಿ ಚಿಗವ್ವ ಎದ್ದು ಬಂದಳು. ನೀಲವ್ವ ಶಾಪ ಹಾಕುತ್ತಾಳೆಂದೇ ನಾವು ಅಂದುಕೊಂಡಿದ್ದೆವು. ಹೆಂಗಸರು ಎದುರಿಗೆ ಬಂದರೆ ಚಿಗವ್ವ ಮೊದಲು ಕೈ ಹಿಡಿಯುವವಳು, ಕಸುಬಿನ ರೂಢಿ. ಈಗಲೂ ಹಾಗೆಯೇ ನೀಲವ್ವನ ಕೈ ಹಿಡಿದು ಹೆಬ್ಬೆರಳಿನ ಬುಡ ಒತ್ತಿದಳು. ಒತ್ತಿದ ಮೇಲೆ ಬೋಳು ಮುಂಗೈ ಕಂಡಿತು. ಬೆಂಕಿ ಮುಟ್ಟಿದವಳ ಹಾಗೆ ಬಿಟ್ಟಳು.

‘ಮಾಫ್ ಮಾಡವಾ, ನಾ ಮರೆತು...’

ನೀಲವ್ವ ತಾನೇ ಕೈ ಮುಂದೆ ಮಾಡಿದಳು.

‘ಹಿಡಿ. ಬಿಡಬ್ಯಾಡ. ಅಂವಾ ಹೋದ ಮ್ಯಾಲೆ ನನ್ನ ಕೈ ಯಾರೂ ಮುಟ್ಟಿಲ್ಲ ಖಾಸಿಂಬಿ.’

ಇಬ್ಬರೂ ಅಲ್ಲೇ ಉಳ್ಳಾಗಡ್ಡಿಯ ಸಿಪ್ಪೆಯ ಮೇಲೆ ಕೂತರು. ಅತ್ತರು. ನಮ್ಮ ಮನೆಯಲ್ಲಿ ಹದಿನೈದು ದಿನಗಳಲ್ಲಿ ಮೊದಲ ಸಲ ಸಪ್ಪಳ ಮಾಡಿ ಅತ್ತದ್ದು ಅದು. ಆಯಿ ಬಾಯಿ ಮುಚ್ಚಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮೂಲೆಯ ಕಡೆ ನೋಡಿದಳು.

‘ಲಾಲಸಾಬಣ್ಣಾ, ನೀ ಹೇಳಿದ್ದೇನು ಅವರಿಗಿ?’

‘ನಿನ್ನ ಗಂಡ ಹೋಗೂದು ನನಗ ಗೊತ್ತ ಇರಲಿಲ್ಲ ತಂಗಿ.’

ನೀಲವ್ವ ಹೌದೆಂದು ತಲೆ ಆಡಿಸಿದಳು. ‘ಗೊತ್ತಿರಲಿಲ್ಲ. ನನಗೂ ಆ ದಿನ ಬಂಡಿ ಹೂಡಿದ ಮ್ಯಾಲೇ ಹೇಳಿದ್ದ’ ಎಂದಳು. ಎದ್ದು ಹೋಗುವಾಗ ಆಯಿಗೆ ಒಂದೇ ಮಾತು ಹೇಳಿದಳು.

‘ನಾಳಿ ಅವರಕಿಂತ ಮೊದಲ ನಾ ಬರತೀನಿ. ರೊಟ್ಟಿ ಮಾಡಿಡ್ರಿ, ಬಸುರಿ ಹುಡುಗಿ ಉಣತಾಳ.’

ಮರುದಿನ ಬಿಸಿಲೇರುವ ಮುಂಚೆ ಅವ್ವ ರೊಟ್ಟಿ ಬಡಿದಳು. ಎಷ್ಟು ಜೋರಾಗಿ ಬಡಿದಳೆಂದರೆ ಆಚೆ ಮನೆಯ ಮುದುಕಿಗೆ ಲೆಕ್ಕ ತಪ್ಪಿರಬೇಕು. ನೀಲವ್ವ ಗೌರಿಯನ್ನು ಕರೆದುಕೊಂಡು ಅಂಗಡಿಯ ಬಾಗಿಲಿನಿಂದಲೇ ಬಂದಳು. ಪಡಸಾಲೆಯಲ್ಲಿ ಕಂಬಳಿ ಹಾಸಿ ಗೌರಿಯನ್ನು ಕೂರಿಸಿ, ಎದುರಿಗೆ ಖಾಸಿಂಬಿ ಚಿಗವ್ವನನ್ನು ಕೂರಿಸಿದರು. ಲಾಲಸಾಬ ಒಳಗೇ ಇದ್ದ. ಚಿಗವ್ವ ಮಲಾರ ಬಿಚ್ಚಿ ಬಳೆ ಇಡತೊಡಗಿದಳು. ಅಷ್ಟರಲ್ಲಿ ಬಂದೇ ಬಂದರು. ಸಿದ್ರಾಮಪ್ಪ ಮುಂದೆ, ಹಿಂದೆ ಹತ್ತು ಹದಿನೈದು ಮಂದಿ, ಬಡಿಗೆಗಳು. ಅಪ್ಪ ಅಡ್ಡ ನಿಂತ. ಹೌದು, ನನ್ನಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಸಿದ್ರಾಮಪ್ಪ ಅವನ ಹೆಗಲ ಮೇಲಿಂದ ಒಳಗೆ ನೋಡಿದ. ತನ್ನ ಮಗಳ ಕೈ ಆ ಹೆಂಗಸಿನ ಕೈಯಲ್ಲಿತ್ತು. ಮೂರನೆಯ ಬಳೆ ಅರ್ಧ ಏರಿತ್ತು.

ನೀಲವ್ವ ತಿರುಗಿಯೂ ನೋಡದೆ ಹೇಳಿದಳು.

‘ಭಾವಾರ, ಅಲ್ಲೇ ನಿಂದರ್ರಿ. ಬಸುರಿಗಿ ಬಳಿ ಇಡಾಕತ್ತಾರ.’

ನಮ್ಮ ಕಡೆ ಕುಬಸದ ಬಳೆ ಇಡುವಾಗ ಒಂದು ಒಡೆದರೂ ಹೊಟ್ಟೆಯ ಕೂಸಿಗೆ ಕೇಡೆಂದು ನಂಬಿಕೆ. ಆ ಹೊತ್ತಿನಲ್ಲಿ ಯಾರೂ ಕೂಗುವುದಿಲ್ಲ, ಹೊಸ್ತಿಲು ದಾಟುವುದಿಲ್ಲ, ಸೀನು ಬಂದರೂ ಮೂಗು ಹಿಡಿಯುತ್ತಾರೆ. ಹದಿನೈದು ಮಂದಿ ಬಡಿಗೆ ಹಿಡಿದು ಅಲ್ಲಾಡದೆ ನಿಂತರು. ಚಿಗವ್ವನ ನಡುಗುವ ಬೆರಳನ್ನು ಎಲ್ಲರಿಗಿಂತ ಹೆಚ್ಚು ಹೆದರಿ ನೋಡಿದವನು ಸಿದ್ರಾಮಪ್ಪ. ಒಂದೊಂದು ಬಳೆ ಏರಿದಾಗಲೂ ಅವನು ತುಟಿಯಲ್ಲೇ ಎಣಿಸುವುದು ನನಗೆ ಕಾಣುತ್ತಿತ್ತು. ಅವಳನ್ನು ಕೊಲ್ಲಲು ಬಂದವನು ಅವಳ ಕೈ ತಪ್ಪದಿರಲೆಂದು ದೇವರನ್ನು ಬೇಡುತ್ತಿದ್ದ. ಎಂಟು, ಒಂಬತ್ತು, ಹತ್ತು. ಬಲಗೈ ಮುಗಿದು ಎಡಗೈ. ಒಂದೂ ಒಡೆಯಲಿಲ್ಲ. ಕಡೆಗೆ ಕರಿ ಬಳೆ ಏರಿಸಿ, ಚಿಗವ್ವ ಗೌರಿಯ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

‘ತುಂಬಿದ ಕೈಲೆ ಬಾಳು. ಸುಖಾಲೆ ಹಡಿ, ಬೇಟಿ.’

ಬಳೆ ಇಟ್ಟವಳಿಗೆ ಮೊರದ ತುಂಬ ಜೋಳ, ಎಲೆಅಡಿಕೆ ಕೊಡಬೇಕು. ನಮ್ಮಲ್ಲಿ ಅದನ್ನು ಕೊಡುವವನು ಹುಡುಗಿಯ ಕಾಕ, ಅಂದರೆ ಅಪ್ಪನ ತಮ್ಮ. ನೀಲವ್ವ ಮನೆಯಿಂದ ತಂದಿದ್ದ ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲಿಗೆ ಹೋದಳು. ಅಪ್ಪ ಸರಿದ. ಆಕೆ ಅದನ್ನು ಸಿದ್ರಾಮಪ್ಪನ ಮುಂದೆ ಹಿಡಿದಳು.

‘ಕೊಡಾಕ ಅವರಿಲ್ಲ. ನೀವ ಕೊಡ್ರಿ.’

ಸಿದ್ರಾಮಪ್ಪ ಮೊರ ನೋಡಿದ, ಮಗಳನ್ನು ನೋಡಿದ. ಆಮೇಲೆ ಆ ದೊಡ್ಡ ಗಂಡಸು ನಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ತಮ್ಮನ ಹೆಸರು ಹಿಡಿದು ಅತ್ತ. ಹಿಂದಿದ್ದವರು ಒಬ್ಬೊಬ್ಬರೇ ಕರಗಿದರು. ಅತ್ತು ಮುಗಿದ ಮೇಲೆ ಎದ್ದು, ಒಳಗೆ ಬಂದು, ಖಾಸಿಂಬಿ ಚಿಗವ್ವನ ಸೆರಗಿಗೆ ಜೋಳ ಸುರಿದ. ಕುಬಸದ ಮೊರ ಕೊಟ್ಟ ಮನೆಯವರು ಇಸಿದುಕೊಂಡವಳಿಗೆ ಕೇಡು ಬಗೆಯುವಂತಿಲ್ಲ. ಅವತ್ತಿನ ರೊಟ್ಟಿಯನ್ನು ಲಾಲಸಾಬ ಪಡಸಾಲೆಯಲ್ಲಿ ಕೂತು ಉಂಡ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತರಿನ ಅಂಗಡಿ, ಕಲಾಯಿಯ ಅಂಗಡಿ ತೆರೆಯಲೇ ಇಲ್ಲ, ಆ ಮನೆಗಳವರು ಎಲ್ಲಿ ಹೋದರೆಂದು ಕಟ್ಟೆಯ ಮೇಲೂ ಸುದ್ದಿ ಬರಲಿಲ್ಲ. ಆ ವರ್ಷ ಅಲಾಯಿಯ ಕುಣಿ ಚಿಕ್ಕದಾಗಿ ತೋಡಿದರು. ಬಳೆ ಅಂಗಡಿ ತೆರೆದ ದಿನ ಖಾಸಿಂಬಿ ಚಿಗವ್ವ ಮೊದಲು ಕರೆದದ್ದು ನನ್ನನ್ನು. ನಾನು ಲಕ್ಷ್ಮೀಪೂಜೆಯ ಮರುದಿನವೇ ಬಳೆಗಳನ್ನೆಲ್ಲ ಎಣ್ಣೆ ಹಚ್ಚಿ ಬಿಚ್ಚಿ ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಹೋಗಿ ಆಕೆಯ ಮುಂದೆ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಒಲ್ಲೆ ಎಂದೆ. ಇನ್ನು ಎಂದೂ ಹಾಕಿಕೊಳ್ಳುವುದಿಲ್ಲ ಎಂದೆ. ಆಕೆ ಮಲಾರ ಬಿಚ್ಚುತ್ತ ತಲೆ ಎತ್ತಲಿಲ್ಲ.

‘ನಿನ್ನ ಬಳಿ ಸಪ್ಪಳಾ ಮಾಡ್ತು, ಅದಕ್ಕ ನೀಲವ್ವ ಬಂದ್ಲು. ನೀ ಸುಮ್ಕಿದ್ದಿದ್ರ ನಾವು ಇನ್ನಾ ಉಳ್ಳಾಗಡ್ಡ್ಯಾಗ ಕುಂತಿರತಿದ್ವಿ. ತಾ ಇಲ್ಲಿ ಕೈ.’

ಕೊಟ್ಟೆ.